ಕೆಮ್ಮಣ್ಣಿನಡಿಯ ಕೊಡಲಿ

ಕೇಸು ಸೋಲುವುದಕ್ಕೆ ಎದುರು ವಕೀಲರೇ ಬೇಕೆಂದಿಲ್ಲ, ನಮ್ಮದೇ ಕಡತದ ಒಂದು ಸಾಲು ಸಾಕು. ನಾನು ಅಂಕೋಲೆಯ ಕೋರ್ಟಿನಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕಿಯಾಗಿದ್ದೆ. ಎಂದರೆ ಪೊಲೀಸರು ಹಾಕಿದ ಕೇಸುಗಳನ್ನು ಸರ್ಕಾರದ ಪರವಾಗಿ ನಡೆಸುವ ವಕೀಲೆ. ಒಂದು ಸೋಮವಾರ ಅಂಥ ಸಾಲೊಂದು ನನ್ನ ಮೇಜಿನ ಮೇಲೆ ಬಂದು ಕೂತಿತು. ಸ್ಥಳ ಪಂಚನಾಮೆ, ಎರಡನೇ ಪುಟ: "ಸದರಿ ಗೋಡೆಯನ್ನು ಪಂಚರ ಸಮಕ್ಷಮ ಪರಿಶೀಲಿಸಲಾಗಿ, ಗೋಡೆಗೆ ಕೆಮ್ಮಣ್ಣು ಬಳಿದು ಶೇಡಿ ಎಂಬ ಬಿಳಿ ಮಣ್ಣಿನಿಂದ ಚಿತ್ತಾರ ಬರೆದಿದ್ದು, ಬೇರೆ ಯಾವುದೇ ಗುರುತು ಕಂಡುಬಂದಿರುವುದಿಲ್ಲ."

ಕೇಸು ಇದ್ದದ್ದೇ ಆ ಗೋಡೆಯ ಮೇಲೆ ಗುರುತು ಬರೆದು ಹೆದರಿಸಿದರು ಎಂದು! ಗುರುತಿಲ್ಲ ಎಂದು ನಾವೇ ಬರೆದು, ಇಬ್ಬರ ರುಜು ಹಾಕಿಸಿ, ಆಮೇಲೆ ಗುರುತು ಬರೆದದ್ದಕ್ಕೆ ಮೂವರಿಗೆ ಶಿಕ್ಷೆ ಕೊಡಿ ಎಂದು ನಾನು ಕೇಳಬೇಕಿತ್ತು.

ನಡೆದದ್ದು ಇಷ್ಟು. ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ, ಸುಂಕಸಾಳದ ಹತ್ತಿರ, ಹೆದ್ದಾರಿಗೆ ತಾಗಿ ಒಂದು ಕೊಪ್ಪ. ಒಕ್ಕಲು ಮಾಡುವವರ ಹತ್ತಿಪ್ಪತ್ತು ಮನೆಗಳ ಕೇರಿಗೆ ನಮ್ಮಲ್ಲಿ ಕೊಪ್ಪ ಎನ್ನುತ್ತಾರೆ. ಅಲ್ಲೊಬ್ಬ ಗೌಡರ ಹೆಂಗಸು, ಐವತ್ತು ದಾಟಿದವಳು, ಗಂಡ ತೀರಿಕೊಂಡವಳು. ಎರಡು ತುಂಡು ಗದ್ದೆ, ಒಂದು ಹಸು, ರಸ್ತೆ ಬದಿಗೆ ಮಾಡು ಎನ್ನುವ ಒಂದು ತಗಡಿನ ಶೆಡ್ಡು. ಅದಿರು ಲಾರಿಗಳು ಹಗಲೂ ಇರುಳೂ ಓಡುತ್ತಿದ್ದ ಕಾಲ. ಘಟ್ಟದ ಮೇಲಿನ ಊರಿನ ಒಬ್ಬ ಮುಸಲ್ಮಾನ ಆ ಮಾಡನ್ನು ಬಾಡಿಗೆಗೆ ಹಿಡಿದು ಪಂಕ್ಚರ್ ಅಂಗಡಿ ಇಟ್ಟಿದ್ದ. ಹಿಂದಿನ ಅರ್ಧದಲ್ಲಿ ಅವನ ಹೆಂಡತಿ, ಆರು ತಿಂಗಳ ಕೂಸು.

ಆ ವರ್ಷಗಳಲ್ಲಿ ಇಂಥವರಿಗೆ ಜಾಗ ಕೊಡಬಾರದು ಎನ್ನುವ ಒಂದು ಗುಂಪು ತಲೆಯೆತ್ತಿತ್ತು. ಹೆಸರು ಬೇಡ, ಈಗ ಅದು ಇಲ್ಲ. ಅದರ ಗುರುತು ಕಪ್ಪು ಬಳೆಯೊಳಗೊಂದು ಕೆಂಪು ಕೊಡಲಿ. ಪಕ್ಕದ ತಾಲೂಕಿನಲ್ಲಿ ಒಂದು ಅಂಗಡಿಯ ಬಾಗಿಲ ಮೇಲೆ ಈ ಕೊಡಲಿ ಮೂಡಿದ ನಾಲ್ಕನೇ ದಿನಕ್ಕೆ ಅಂಗಡಿ ಸುಟ್ಟು ಬೂದಿಯಾಗಿತ್ತು. ಪೇಪರಿನಲ್ಲಿ ಫೋಟೋ ಬಂದು, ಆ ಪೇಪರು ಚಹಾ ಹೋಟೆಲಿನಿಂದ ಚಹಾ ಹೋಟೆಲಿಗೆ ಹೋಗಿ, ಓದಲು ಬಾರದವರಿಗೂ ಕೊಡಲಿಯ ಅರ್ಥ ಗೊತ್ತಾಗಿತ್ತು. ಅದಾಗಿ ಒಂದು ತಿಂಗಳಿಗೆ, ಕೋಳಿ ಕೂಗುವ ಹೊತ್ತಿಗೆ ಹಸುವಿಗೆ ಹುಲ್ಲು ಹಾಕಲು ಎದ್ದ ಈ ಹೆಂಗಸು ತನ್ನ ಅಂಗಳದಿಂದ ಮೂವರು ಓಡಿಹೋಗುವುದನ್ನು ಕಂಡಳು. ಒಬ್ಬ ತನ್ನ ಕೊಪ್ಪದವನೇ. ತಿರುಗಿ ನೋಡಿದರೆ ಗೋಡೆಯ ಮೇಲೆ ಕೊಡಲಿ, ಹಸಿ ಬಣ್ಣ ಇನ್ನೂ ಇಳಿಯುತ್ತಿತ್ತು.

ಪಂಕ್ಚರಿನವನು ನಾಲ್ಕನೇ ದಿನದವರೆಗೆ ಕಾಯಲಿಲ್ಲ. ಹೆಂಡತಿ ಮಗುವನ್ನು ಕರೆದುಕೊಂಡು, ಕಂಪ್ರೆಸರನ್ನು ಅಲ್ಲೇ ಬಿಟ್ಟು ಘಟ್ಟ ಹತ್ತಿದ.

ಠಾಣೆಯಲ್ಲಿ ಮೊದಲು ಇದನ್ನು ಗೋಡೆ ಅಂದಗೆಡಿಸಿದ ಸಣ್ಣ ಕೇಸು ಮಾಡಿ ಮುಗಿಸಲು ನೋಡಿದ್ದರು. ಹೆಂಗಸು ಬಿಡಲಿಲ್ಲ. "ಗೋಡೆ ಹಾಳಾಯ್ತು ಅಂತ ನಾ ಬರ್ಲಿಲ್ಲ. ಗೋಡೆ ನಂಗೇ ಸರಿ ಮಾಡೂಕೆ ಬರ್ತದೆ" ಎಂದು ಠಾಣೆಯ ಮೆಟ್ಟಿಲ ಮೇಲೆ ಕೂತಳಂತೆ. ಕಡೆಗೆ ಅಂಗಳಕ್ಕೆ ಅತಿಕ್ರಮ ಪ್ರವೇಶ, ಜೊತೆಗೆ ಬೆದರಿಕೆ, ಎರಡು ಕಲಮು ಹಾಕಿದರು. ಕೊಪ್ಪದ ಹುಡುಗನೇ ತೋರಿಸಿದ ಜಾಗದಿಂದ ಬಣ್ಣದ ಡಬ್ಬಿ ಎರಡು, ಬ್ರಶ್ಶು ಒಂದು ಜಪ್ತಾದವು. ಎಲ್ಲ ಸರಿ, ಪಂಚನಾಮೆ ಮಾತ್ರ ಹೀಗೆ.

ಸಾಕ್ಷಿ ಹೇಳುವ ಹಿಂದಿನ ವಾರ ಅವಳನ್ನು ಕಚೇರಿಗೆ ಕರೆಸಿದೆ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬೆಂಚಿನ ತುದಿಯಲ್ಲಿ ಕೂತಳು.

"ಯಾಕೆ ಒರೆಸಿದ್ರಿ?" ಅಂದೆ.

"ಒರ್ಸಲಿಲ್ಲ ಅಕ್ಕೋರೆ, ಬಳ್ದೆ. ಸಗಣಿ ಹಾಕಿ ಕೆಮ್ಮಣ್ಣು ಕಲ್ಸಿ ಬಳ್ದು, ಮೇಲೆ ಶೇಡಿ ಬರ್ದೆ."

"ಪೊಲೀಸರು ಬರೋ ತನಕ ಬಿಡಬೇಕಿತ್ತಲ್ಲ."

"ಪೊಲೀಸ್ರು ಬಂದದ್ದು ಮೂರ್ನೇ ದಿವ್ಸ. ಆ ಗೋಡೆ ತುಳ್ಸಿಕಟ್ಟೆ ಎದ್ರಿಗೇ ಅದೆ. ಮೂರು ದಿವ್ಸ ಕೊಡ್ಲಿ ನೋಡ್ಕಂತ ತುಳ್ಸಿಗೆ ನೀರು ಹಾಕೂದಾ? ನೀವಾದ್ರೆ ಹಾಕ್ತಿದ್ರಿ?"

ನಮ್ಮ ಅಜ್ಜಿಯಾಗಿದ್ದರೆ ಮೂರು ತಾಸು ಸಹ ಬಿಡುತ್ತಿರಲಿಲ್ಲ. ಅಮಂಗಲ ಕಂಡ ಕಡೆ ಮೊದಲು ಸಾರಿಸು, ಆಮೇಲೆ ಅಳು ಎನ್ನುತ್ತಿದ್ದವಳು ಅವಳು. ಇಂಥ ಮನೆಗಳಲ್ಲಿ ಬೆಳೆದವರ ಮುಂದೆ ಸಾಕ್ಷ್ಯ ಕಾಯ್ದಿಡಬೇಕು ಎಂಬ ಮಾತು ನಾಲಿಗೆಗೇ ಬರುವುದಿಲ್ಲ.

"ನಿಮಗೆ ಏನಾಗಬೇಕು?" ಎಂದು ಕೇಳಿದೆ.

"ನಂಗೆ ಯಾರೂ ಜೈಲಿಗೆ ಹೋಗೂದು ಬ್ಯಾಡ. ಆ ಹುಡ್ಗ ನನ್ನ ಕೈ ಗಂಜಿ ಉಂಡವ. ಪಂಚರ್ ಅಂಗ್ಡಿಯವ ತಿರ್ಗಿ ಬರ್ಬೇಕು, ಅಷ್ಟೇ. ನನ್ನ ಮಾಡಲ್ಲಿ ಯಾರಿರ್ಬೇಕು ಅಂತ ನಾ ಹೇಳೂದಾ, ಗೋಡೆ ಮೇಲೆ ಬರ್ದವ್ರು ಹೇಳೂದಾ?"

ವಿಚಾರಣೆ ಆರಂಭವಾಯಿತು. ಒಬ್ಬ ಪಂಚ ರುಜು ತನ್ನದೇ, ಮಿಕ್ಕಿದ್ದು ಗೊತ್ತಿಲ್ಲ ಎಂದ. ಪಂಕ್ಚರಿನವನಿಗೆ ಕಳಿಸಿದ ಸಮನ್ಸು ಎರಡು ಸಲ ಹಾಗೇ ವಾಪಸು ಬಂತು. ಎದುರಿನ ವಕೀಲರು ನನ್ನ ಹಾಗೆ ಕಾರವಾರದವರೇ, ಹಿರಿಯರು. ಕೋಡಿಬಾಗದಿಂದ ನಾನು, ಪೇಟೆಯಿಂದ ಅವರು ದಿನವೂ ಒಂದೇ ಬಸ್ಸು. ಕೋರ್ಟಿನಲ್ಲಿ ಎಷ್ಟೇ ಕಿತ್ತಾಡಿದರೂ ಬಸ್ಸಿನಲ್ಲಿ ಕಡಲೆಬೀಜ ಹಂಚಿಕೊಳ್ಳುವವರು.

"ಏನ್ ಬಾಯಿ, ನಿಮ್ಮ ಕೊಡಲಿ ಸಿಕ್ತಾ?" ಎನ್ನುತ್ತಿದ್ದರು. ಬಾಯಿ ಎಂದರೆ ನಮ್ಮ ಕಡೆ ಅಕ್ಕ, ಅಮ್ಮ ಎಂದಂತೆ. "ಸಿಗದಿದ್ರೆ ಹೇಳಿ, ನಾನೇ ಒಂದು ಬರ್ದು ಕೊಡ್ತೆ. ಚಿತ್ರ ಚೆನ್ನಾಗಿ ಬರೀತೆ ನಾನು."

"ಬರೀರಿ. ಬಂದು ಹಿಡಿದುಕೊಂಡು ಹೋಗ್ತಾರೆ" ಎನ್ನುತ್ತಿದ್ದೆ. ನಗುತ್ತಿದ್ದೆವು.

ಅವರ ಪಾಟೀಸವಾಲು ಮಾತ್ರ ನಗೆಯದಾಗಿರಲಿಲ್ಲ. ಹೆಂಗಸು ಕಟಕಟೆ ಹಿಡಿದು ನಿಂತಿದ್ದಳು.

"ಗೋಡೆ ಮೇಲೆ ಅಕ್ಷರ ಇತ್ತಾ?"

"ಇರ್ಲಿಲ್ಲ."

"ಕಡೀತೆ, ಸುಡ್ತೆ ಅಂತ ಯಾರಾದ್ರೂ ಬಾಯಲ್ಲಿ ಹೇಳಿದ್ರಾ?"

"ಇಲ್ಲ."

"ಮತ್ತೆ ಒಂದು ಚಿತ್ರಕ್ಕೆ ಹೆದರಿದ್ದು ಯಾಕಮ್ಮ?"

"ಗದ್ದೆ ನಡೂಗೆ ಯಾರಾರೂ ಒಂದು ಸೊಪ್ಪು ಚುಚ್ಚಿಟ್ರೆ, ಇದ್ರೊಳ್ಗೆ ಕಾಲಿಡ್ಬ್ಯಾಡ ಅಂತ. ಅದ್ನ ನಂಗೆ ಯಾರೂ ಓದಿ ಹೇಳೂದಿಲ್ಲ ವಕೀಲ್ರೆ. ನನ್ನ ಹಸೂಗೂ ಗೊತ್ತಾಯ್ತದೆ."

ಕೋರ್ಟು ನಕ್ಕಿತು. ವಕೀಲರೂ ನಕ್ಕರು. "ಅದು ಸೊಪ್ಪು. ಇದು ಕೊಡಲಿ."

"ಅದ್ಕೇ ಮತ್ತೆ" ಅಂದಳು.

ಇಂಥ ಉತ್ತರವನ್ನು ನಾನು ಹತ್ತು ರಾತ್ರಿ ಓದಿದರೂ ಬರೆದುಕೊಡಲಾಗುತ್ತಿರಲಿಲ್ಲ. ಆದರೆ ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು, ಲೆಕ್ಕಾಚಾರದ ಮನುಷ್ಯ. ಪೆನ್ನು ಕೆಳಗಿಟ್ಟು ನನ್ನತ್ತ ನೋಡಿದರು.

"ಇವರು ಹೆದರಿದ್ದು ನಿಜ ಅಂತ ಇಟ್ಟುಕೊಳ್ಳೋಣ. ಚಿತ್ರವೂ ಬೆದರಿಕೆ ಆಗಬಹುದು ಅಂತಲೂ ಇಟ್ಟುಕೊಳ್ಳೋಣ. ಯಾವ ಚಿತ್ರ? ನಿಮ್ಮ ಪಂಚನಾಮೆ ಶೇಡಿ ಚಿತ್ತಾರ ಬಿಟ್ಟರೆ ಬೇರೇನೂ ಇರಲಿಲ್ಲ ಅನ್ನುತ್ತಲ್ಲ."

ಮುಂದಿನ ದಿನಾಂಕ ಮೂರು ವಾರಕ್ಕೆ ಬಿತ್ತು.

ಇಂಥ ಗುರುತನ್ನು ಕಂಡವರ ಎದುರು ಹಿಡಿದು ಹೆದರಿಸುವುದೇ ಅಪರಾಧ ಎಂದು ನೇರವಾಗಿ ಹೇಳುವ ಕಲಮು ನಮ್ಮ ಪುಸ್ತಕದಲ್ಲಿ ಸಿಗಲಿಲ್ಲ. ಬೇಕಿತ್ತೇ? ಅನೇಕ ಸಂಜೆ ಇದನ್ನೇ ಯೋಚಿಸಿದೆ. ಕಾಲೇಜಿನ ಹುಡುಗ ನೋಟ್‌ಬುಕ್ಕಿನ ಹಿಂದೆ ಅದೇ ಕೊಡಲಿ ಗೀಚಿಕೊಂಡರೆ ಅವನನ್ನು ಹಿಡಿದು ತಂದು ನಿಲ್ಲಿಸುವುದು ನನಗಂತೂ ಬೇಡ. ಆದರೆ ಮಗು ಮಲಗಿದ ಮಾಡಿನಿಂದ ಹತ್ತು ಹೆಜ್ಜೆಗೆ, ಆಸರೆ ಕೊಟ್ಟವಳ ಗೋಡೆಯ ಮೇಲೆ, ಊರಿಗೆಲ್ಲ ಅರ್ಥ ಗೊತ್ತಿರುವಾಗ ಬರೆದದ್ದು ಬರೀ ಚಿತ್ರವಲ್ಲ. ಎಲ್ಲಿ, ಯಾರ ಎದುರಿಗೆ, ಯಾವ ಹೊತ್ತಿನಲ್ಲಿ, ಇದನ್ನೆಲ್ಲ ಇದ್ದ ಹಳೆಯ ಬೆದರಿಕೆಯ ಕಲಮಿನೊಳಗೇ ಹಿಡಿಸಬೇಕಿತ್ತು. ಹಿಡಿಸಬಹುದೂ ಆಗಿತ್ತು. ಗುರುತೊಂದೇ ಇರಲಿಲ್ಲ.

ಆ ವರ್ಷದ ಮಳೆ ಆಗಷ್ಟೇ ಹಿಡಿದಿತ್ತು. ಕೋಡಿಬಾಗದಲ್ಲಿ ನಮ್ಮ ಮನೆಯಿಂದ ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಕಂಪೌಂಡು ಗೋಡೆ. ಯಾವುದೋ ಕಾಲದ ಚುನಾವಣೆಯಲ್ಲಿ ಸೋತು ಮನೆಗೆ ಹೋದ ಅಭ್ಯರ್ಥಿಯ ಗುರುತನ್ನು ಅದರ ಮೇಲೆ ಎಣ್ಣೆ ಬಣ್ಣದಲ್ಲಿ ಬರೆಸಿದ್ದರು. ಮನೆಯವರು ಪ್ರತಿ ದೀಪಾವಳಿಗೆ ಸುಣ್ಣ ಹೊಡೆಸುವುದು, ಪ್ರತಿ ಮಳೆಗಾಲಕ್ಕೆ ಸುಣ್ಣ ಕರಗಿ ಅಭ್ಯರ್ಥಿ ಮತ್ತೆ ಎದ್ದು ನಿಲ್ಲುವುದು. ಕೇರಿಯಲ್ಲಿ ಅದೊಂದು ತಮಾಷೆ. ಒಂದು ಬೆಳಿಗ್ಗೆ ಎಂದಿನಂತೆ ಕೊಡೆ ಹಿಡಿದು ದಾಟಿ ಹೋದೆ. ನಾಲ್ಕು ಹೆಜ್ಜೆ ಹೋದವಳು ನಿಂತೆ.

ಬಸ್ಸು ತಪ್ಪಿಹೋಯಿತು. ಮುಂದಿನ ಬಸ್ಸು ಹಿಡಿದು ಅಂಕೋಲೆಗೆ ಹೋದವಳು ಮೊದಲು ನೋಡಿದ್ದೇ ಮುದ್ದೆಮಾಲಿನ, ಎಂದರೆ ಜಪ್ತಿಯಾದ ವಸ್ತುಗಳ ಪಟ್ಟಿ. ಜಪ್ತಾದ ಡಬ್ಬಿಗಳು: ಎನಾಮೆಲ್ ಬಣ್ಣ, ಕಪ್ಪು ಒಂದು, ಕೆಂಪು ಒಂದು. ಎಣ್ಣೆ ಬಣ್ಣ! ಮೇಲೆ ಬಳಿದದ್ದು ನೀರಲ್ಲಿ ಕಲಸಿದ ಮಣ್ಣು. ಕೊಡಲಿ ಎಲ್ಲಿಗೂ ಹೋಗಿರಲಿಲ್ಲ, ಅಡಿಯಲ್ಲಿ ಮಲಗಿತ್ತು.

ನ್ಯಾಯಾಧೀಶರು ಎರಡೂ ಕಡೆಯವರಿಗೆ ನೋಟಿಸು ಕೊಟ್ಟು ಸ್ಥಳವನ್ನು ತಾವೇ ಕಂಡು, ಕಂಡದ್ದನ್ನು ಟಿಪ್ಪಣಿ ಮಾಡಿ ಕಡತಕ್ಕೆ ಸೇರಿಸಬಹುದು. ದಂಡ ಪ್ರಕ್ರಿಯೆ ಸಂಹಿತೆಯಲ್ಲಿ ಅದಕ್ಕೆ ಅವಕಾಶವಿದೆ. ಅರ್ಜಿಯನ್ನು ಆ ಮಧ್ಯಾಹ್ನವೇ ಟೈಪು ಮಾಡಿಸಿದೆ. ರುಜು ಹಾಕಲು ಪೆನ್ನು ತೆಗೆದವಳಿಗೆ ಕೈ ಬರಲಿಲ್ಲ. ಗೋಡೆ ಸರ್ಕಾರದ್ದಲ್ಲ. ಹೆದರಿ, ತುಳಸಿಯೆದುರು ನಿಲ್ಲಲಾಗದೆ, ಕೈಯಾರೆ ಮಣ್ಣು ಬಳಿದು ಮುಚ್ಚಿದ್ದನ್ನು ತೆಗೆ ಎಂದು ಯಾವ ಬಾಯಿಂದ ಹೇಳುವುದು?

ಹೇಳಲು ನಾನೇ ಹೋದೆ. ಶನಿವಾರ ಯಲ್ಲಾಪುರದ ಬಸ್ಸು ಹತ್ತಿ ಸುಂಕಸಾಳದ ಈಚೆ ಇಳಿದೆ. ಸೂರಿನ ಮರೆಯಲ್ಲಿ ಮಳೆ ತಾಗದೆ ಉಳಿದ ಆ ಗೋಡೆಯನ್ನು ಮೊದಲ ಸಲ ಕಂಡೆ. ಕಡು ಕೆಂಪು ನೆಲದ ಮೇಲೆ ಬಿಳಿಯ ಎಳೆ ಎಳೆ ಗೆರೆ, ಮೂಲೆಗೆ ತೇರಿನಂಥದು, ನಡುವೆ ಭತ್ತದ ತೆನೆ. ಆತುರದಲ್ಲಿ ಬರೆದದ್ದು ಎಂದು ಯಾರೂ ಹೇಳುವಂತಿರಲಿಲ್ಲ.

ಹೇಳಿದೆ. ಅವಳು ಕೇಳಿಸಿಕೊಂಡಳು, ಅಂಗಳ ಗುಡಿಸುತ್ತಿದ್ದ ಹಿಡಿಸೂಡಿ ಕೆಳಗಿಟ್ಟಳು.

"ಅವ್ರು ಒಂದ್ಸಲ ಬರ್ದ್ರು. ಈಗ ನೀವು ಇನ್ನೊಂದ್ಸಲ ಬರ್ಸ್ತ್ರಿ."

"ಹೌದು" ಅಂದೆ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು. "ನೀವು ಬೇಡ ಅಂದ್ರೆ ಅರ್ಜಿ ಹರಿದು ಹಾಕ್ತೆ. ಕೇಸು ಸೋಲ್ತದೆ, ಆದ್ರೆ ನಿಮ್ಮ ಗೋಡೆ ಹೀಗೇ ಇರ್ತದೆ."

ಒಳಗೆ ಹೋದಳು. ಚಹಾ ತಂದಳು. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಬಾಗಿಲು ಹಾಕಿದ ಮಾಡಿನ ಎದುರು ಒಂದು ಲಾರಿ ನಿಧಾನ ಮಾಡಿ, ಯಾರೂ ಇಲ್ಲವೆಂದು ಕಂಡು ಮುಂದಕ್ಕೆ ಹೋಯಿತು.

"ದಿನಾ ಹೀಂಗೇ" ಅಂದಳು ಅದನ್ನೇ ನೋಡುತ್ತ. ಆಮೇಲೆ, "ನೀರು ನಾನೇ ಹಾಕೂದು. ಪೊಲೀಸ್ರು ನನ್ನ ಶೇಡಿ ಮುಟ್ಟೂಕಿಲ್ಲ."

ಅರ್ಜಿಗೆ ಎದುರಿನವರು ಜೋರಾಗಿ ತಕರಾರು ಮಾಡಿದರು. ಸಾಕ್ಷ್ಯದ ಕೊರತೆ ತುಂಬಲು ಕೋರ್ಟನ್ನೇ ಕೆಲಸಕ್ಕೆ ಹಚ್ಚುತ್ತಿದ್ದಾರೆ ಎಂದರು. ಮಾತು ಪೂರ್ತಿ ತಪ್ಪೂ ಅಲ್ಲ. ಮ್ಯಾಜಿಸ್ಟ್ರೇಟರು ಎರಡು ದಿನ ಯೋಚಿಸಿ ಒಪ್ಪಿದರು, ಸಾಕ್ಷ್ಯವನ್ನು ಸರಿಯಾಗಿ ತಿಳಿಯುವುದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಎಂದು ಷರತ್ತು ಹಾಕಿ.

ಸ್ಥಳ ಪರಿಶೀಲನೆಯ ದಿನ ಬಿಸಿಲು ಬಿದ್ದಿತ್ತು. ಜೀಪಿನಲ್ಲಿ ಮ್ಯಾಜಿಸ್ಟ್ರೇಟರು, ಬೆಂಚ್ ಕ್ಲರ್ಕು, ಫೋಟೋದವನು, ಹಿಂದೆ ನಾವು. ಮೂವರು ಆರೋಪಿಗಳು ಹಲಸಿನ ಮರದಡಿ ನಿಂತರು. ಕೊಪ್ಪಕ್ಕೆ ಕೊಪ್ಪವೇ ಅಂಗಳದ ಸುತ್ತ ನೆರೆದಿತ್ತು. ಪಿಸುಮಾತು, ಕೆಮ್ಮು, ಮಕ್ಕಳ ಗಲಾಟೆ.

ಹೆಂಗಸು ತಾಮ್ರದ ಕೊಡದಿಂದ ಚೊಂಬಲ್ಲಿ ತೆಗೆದು ಗೋಡೆಗೆ ನೀರು ಎರಚಿದಳು. ಮೊದಲು ಶೇಡಿ ಹೋಯಿತು, ತೆನೆ, ತೇರು ಎಲ್ಲ ಹಾಲಿನಂತೆ ಇಳಿದವು. ಆಮೇಲೆ ಕೆಂಪು ನೀರು. ಅಷ್ಟೇ. ಗೋಡೆ ಹಸಿಯಾಗಿ ಇನ್ನಷ್ಟು ಕೆಂಪಾಯಿತು, ಗುರುತಿಲ್ಲ. ಸಗಣಿ ಸೇರಿದ ಮಣ್ಣು ಒಂದು ಬೇಸಿಗೆಯ ಬಿಸಿಲು ಕಂಡು ಹಪ್ಪಳದಂತೆ ಕಚ್ಚಿ ಕೂತಿತ್ತು. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಕೋಡಿಬಾಗದ ಸುಣ್ಣಕ್ಕೆ ಸಗಣಿ ಸೇರಿರಲಿಲ್ಲವಲ್ಲ!

"ಬಾಯಿ," ವಕೀಲರು ನನ್ನ ಕಿವಿಯ ಹತ್ತಿರ ಅಂದರು, "ಭತ್ತದ ತೆನೆ ಚೆನ್ನಾಗಿತ್ತು, ಸುಮ್ನೆ ಹಾಳು ಮಾಡ್ಸಿದ್ರಿ."

ತಮಾಷೆಗೆ ಅಂದದ್ದೇ ಇರಬಹುದು, ನನಗೆ ಆ ಮಾತು ತಟ್ಟಿತು. ಮ್ಯಾಜಿಸ್ಟ್ರೇಟರು ಗಡಿಯಾರ ನೋಡಿದರು. ಹೆಂಗಸು ಯಾರನ್ನೂ ನೋಡಲಿಲ್ಲ. ಒಳಗಿಂದ ತೆಂಗಿನ ಕತ್ತದ ಒಂದು ಹಿಡಿ ತಂದು ಪಾತ್ರೆ ತಿಕ್ಕುವಂತೆ ಗೋಡೆ ತಿಕ್ಕತೊಡಗಿದಳು. ಕೊಡ ಖಾಲಿಯಾಯಿತು. ತಿಕ್ಕುವ ಕೈ ನಿಲ್ಲಿಸದೆ, ಹಿಂದೆ ತಿರುಗದೆ, ದಿನವೂ ಕೂಗುವ ದನಿಯಲ್ಲೇ ಕೂಗಿದಳು:

"ತಮಾ, ಒಂದು ಕೊಡ ನೀರು ತಾರೋ!"

ಹಲಸಿನ ಮರದಡಿಯಿಂದ ಕೊಪ್ಪದ ಹುಡುಗ ಬಂದ. ಕೊಡ ಎತ್ತಿಕೊಂಡು ಬಾವಿಗೆ ಹೋದ, ನೀರು ಸೇದಿದ, ತಂದು ಅವಳ ಕಾಲ ಬಳಿ ಇಟ್ಟ. ಇಟ್ಟ ಮೇಲೆಯೇ ವಕೀಲರಿಗೆ ಎಚ್ಚರವಾದದ್ದು.

"ಏಯ್! ನೀನು ಆರೋಪಿ ಮಾರಾಯ! ಆಚೆ ನಿಲ್ಲು!"

ಹುಡುಗ ಬೆದರಿ ನಿಂತ. "ದೊಡ್ಡವ್ವ ಕರೀತಲ್ರಾ" ಅಂದ.

ಯಾರೋ ಕಿಸಕ್ಕೆಂದರು. ಮ್ಯಾಜಿಸ್ಟ್ರೇಟರು ಕ್ಲರ್ಕಿನ ಕಡೆ ನೋಡಿ, ಅದು ಬರೆಯುವುದು ಬೇಡ ಎಂಬಂತೆ ಕೈಯಾಡಿಸಿದರು. ನಾನೂ ಬರೆಸಿ ಎನ್ನಲಿಲ್ಲ.

ಆ ನೀರಿಗೆ ಮಣ್ಣು ಸಡಿಲಿತು. ಮೊದಲು ಬಳೆಯ ಒಂದು ತುಂಡು, ಕಪ್ಪಗೆ. ಆಮೇಲೆ ಹಿಡಿ. ಆಮೇಲೆ ಬಾಯಿ. ಕೆಂಪಿನೊಳಗಿಂದ ಇನ್ನೊಂದು ಕೆಂಪು, ಹೊಳೆಯುವ ಕೆಂಪು. ಪೂರ್ತಿ ಮೂಡುವ ಹೊತ್ತಿಗೆ ಅಂಗಳದಲ್ಲಿ ಒಂದು ಸದ್ದೂ ಇರಲಿಲ್ಲ. ಪಿಸುಮಾತು ನಿಂತಿತ್ತು. ಮುಂದಿದ್ದ ಒಬ್ಬಾಕೆ ಮೊಮ್ಮಗಳನ್ನು ಎಳೆದು ಬೆನ್ನ ಹಿಂದೆ ಮಾಡಿಕೊಂಡಳು. ಮ್ಯಾಜಿಸ್ಟ್ರೇಟರು ಗೋಡೆಯನ್ನು ಒಂದು ಸಲ, ಜನರನ್ನು ಎರಡು ಸಲ ನೋಡಿದರು. ಟೇಪು ಹಿಡಿಸಿ ಅಳತೆ ಬರೆಸಿದರು, ಫೋಟೋ ತೆಗೆಸಿದರು. ಟಿಪ್ಪಣಿಯ ಕೊನೆಗೆ ತಾವಾಗಿ ಒಂದು ಸಾಲು ಹೇಳಿ ಬರೆಸಿದರು: "ಚಿಹ್ನೆಯು ಪೂರ್ಣವಾಗಿ ಕಾಣಿಸಿದಾಗ ನೆರೆದವರು ಮಾತು ನಿಲ್ಲಿಸಿದರು, ಒಬ್ಬ ಮಹಿಳೆ ಮಗುವನ್ನು ಮರೆ ಮಾಡಿದರು."

ಹೊರಡುವಾಗ ಹೆಂಗಸಿಗೆ, "ಇನ್ನು ಬಳಿದುಕೊಳ್ಳಿ ಅಮ್ಮ, ನಮ್ಮ ಕೆಲಸ ಆಯಿತು" ಎಂದರು.

"ಬಳ್ಕಂತೆ ಒಡೆಯಾ" ಅಂದಳು, ತೊಯ್ದ ಸೆರಗು ಹಿಂಡುತ್ತ. ಬಿಸಿಲು ಇಳಿಯುವುದರೊಳಗೆ ಮಣ್ಣು ಕಲಸಿದಳಂತೆ. ಆ ಸಲ ಮಣ್ಣು ಹೊತ್ತು ತಂದವನು ಕೊಪ್ಪದ ಹುಡುಗ ಎಂದು ಆಮೇಲೆ ಕೇಳಿದೆ.

ತೀರ್ಪಿನಲ್ಲಿ ಎರಡೂ ಕಲಮು ನಿಂತವು. ಬೆದರಿಕೆಗೆ ಬಾಯಿಮಾತೇ ಬೇಕೆಂದಿಲ್ಲ, ಕಂಡವರಿಗೆ ಅರ್ಥವಾಗುವಂತೆ ಮಾಡಿದರೆ ಸಾಕು ಎಂದು ಬರೆದಿದ್ದರು. ಶಿಕ್ಷೆಯ ಬಗ್ಗೆ ಕೇಳಿದಾಗ ನಾನು ಎದ್ದು ನಿಂತು, ಫಿರ್ಯಾದಿಗೆ ಇವರು ಜೈಲಿಗೆ ಹೋಗುವುದು ಬೇಡವಂತೆ ಎಂದೆ. ಎದುರಿನ ವಕೀಲರು ಬೆರಗಾಗಿ ನನ್ನನ್ನೇ ನೋಡಿದರು. ಅವರು ಹೇಳಬೇಕಾದ ಮಾತು ನಾನು ಹೇಳಿಬಿಟ್ಟಿದ್ದೆ. ಮೂವರಿಗೂ ಒಂದು ವರ್ಷದ ಸನ್ನಡತೆಯ ಮುಚ್ಚಳಿಕೆ. ಬಸ್ಸಿನಲ್ಲಿ ಅಂದು ಕಡಲೆಬೀಜದ ಪೊಟ್ಟಣ ಪೂರ್ತಿ ನನಗೇ ಕೊಟ್ಟರು.

ಆದರೆ ಹೆಂಗಸು ಕೇಳಿದ್ದು ತೀರ್ಪಲ್ಲವಲ್ಲ. ಹದಿನೈದು ದಿನದ ನಂತರ ಕಚೇರಿಗೆ ಬಂದಳು.

"ಬಂದ್ನಾ?" ಅಂದೆ.

"ಬಂದ. ಕಂಪ್ರೆಸರ್ ತಗಂಡು ಹೋಗೂಕೆ. ಟೆಂಪೋ ತಂದಿದ್ದ. ಲೋಡು ಮಾಡೂದ್ರೊಳ್ಗೆ ಒಂದು ಲಾರಿ ನಿಂತ್ಕತು, ಅದ್ರ ಟಯರ್ ಮಾಡ್ದ. ಆಮೇಲೆ ಇನ್ನೊಂದು. ಸಂಜೆಗೆ ಟೆಂಪೋದವ ಬೈದು ಖಾಲಿ ಹೋದ." ನಗುತ್ತ ಹೇಳಿದವಳು ನಗೆ ನಿಲ್ಲಿಸಿದಳು. "ಅವಂಗೆ ಇರ್ಬೇಕು ಅಂತ ಅದೆ ಅಕ್ಕೋರೆ. ಹೆಂಡ್ತಿ ಬರೂಕೆ ಒಲ್ಲೆ ಅಂತದೆ. ಕೋರ್ಟಿನ ಅಕ್ಕೋರು ಹೇಳ್ಲಿ, ಆಗ ಬರ್ತೆ ಅಂತದೆ."

ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದಳು. ಪಕ್ಕದ ಎಸ್‌ಟಿಡಿ ಬೂತಿಗೆ ಹೋದೆವು. ಆ ಕಡೆ ಮೊದಲು ಮಗುವಿನ ಅಳು, ಆಮೇಲೆ ಘಟ್ಟದ ಮೇಲಿನ ಮಾತಿನ ಒಂದು ಎಳೆಯ ದನಿ.

"ಮೇಡಂ, ಮತ್ತ ಹಂಗ ಬರೆಯಂಗಿಲ್ಲಲ್ರೀ?"

ಬರೆಯುವುದಿಲ್ಲ ಎನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಹೆಂಗಸು ಕಿವಿಯಾಗಿ ನಿಂತಿದ್ದಳು. ಆದರೆ ಹೇಳಲಾಗಲಿಲ್ಲ, ಒಂದು ವರ್ಷದ ಮುಚ್ಚಳಿಕೆ ಮೂವರದು, ಊರಿನದ್ದಲ್ಲ.

"ಅದು ನನಗೆ ಗೊತ್ತಿಲ್ಲ ತಂಗಿ" ಅಂದೆ. "ಬರೆದ್ರೆ ಏನು ಮಾಡಬೇಕು ಅನ್ನೋದು ಮಾತ್ರ ಈಗ ಗೊತ್ತಿದೆ. ಒರೆಸೋದಕ್ಕೆ ಮುಂಚೆ ನನಗೆ ಫೋನು ಮಾಡಿ. ಅದೇ ದಿನ ನಾನೇ ಬರ್ತೇನೆ. ನೋಡಿ, ಫೋಟೋ ತೆಗೆಸಿ, ಅಲ್ಲೇ ನಿಂತು ಮಣ್ಣು ಬಳಿಸಿ ಹೋಗ್ತೇನೆ."

ಬೂತಿನ ಮೀಟರಿನಲ್ಲಿ ಅಂಕಿ ಏರುತ್ತಿತ್ತು. ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಿಮ್ಮ ನಂಬರ್ ಹೇಳ್ರಿ" ಅಂದಿತು ಆ ದನಿ.

ಹೇಳಿದೆ. ಅವಳು ಒಂದೊಂದೇ ಅಂಕಿಯನ್ನು ತಿರುಗಿ ಹೇಳಿ ಬರೆದುಕೊಂಡಳು. ಎಲ್ಲ ಆದ ಮೇಲೆ ಮೊದಲಿಂದ ಇನ್ನೊಮ್ಮೆ ಓದಿದಳು. ಆಮೇಲೆ ಕೇಳಿದಳು:

"ಮೇಡಂ, ಮುಂಜಾನೆ ಘಟ್ಟ ಇಳಿಯೋ ಬಸ್ಸು ಎಷ್ಟಕ್ಕ ಐತ್ರಿ?"